ದುಬೈಯಿಂದ ಬಂದ ಚೀಸ್ ಡಬ್ಬಿ ಮತ್ತು ಕಿಡ್ನಿ ತೊಂದರೆ

ಪ್ರಶ್ನೆ: ನಾನು ಕಾಪು ಕಡೆಯವಳು. ವಯಸ್ಸು 56, ತೂಕ 60 ಕಿಲೋ. ತುಂಬ ವರ್ಷದಿಂದ ಶುಗರ್ ಇದೆ, ಬಿಪಿಗೂ ಮಾತ್ರೆ ತಗೊಳ್ತೇನೆ. ಈ ಸಲ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) 1.7, ಕಿಡ್ನಿ ಎಷ್ಟು ಸೋಸುತ್ತದೆ ಅಂತ ತೋರಿಸುವ ಇಜಿಎಫ್‌ಆರ್ 35, ಪೊಟ್ಯಾಸಿಯಂ 5.3, ಫಾಸ್ಫರಸ್ 4.3 ಬಂದಿದೆ. ಕಿಡ್ನಿ ತೊಂದರೆ ಸ್ಟೇಜ್ 3ಬಿ ಅಂದರು ಡಾಕ್ಟರು. ಕೊಟ್ಟ ಡಯಟ್ ಚೀಟಿಯಲ್ಲಿ ‘ಚೀಸ್ ಬೇಡ’ ಅಂತ ಒಂದು ಸಾಲಿದೆ, ಪನೀರ್ ಬಗ್ಗೆ ಏನೂ ಇಲ್ಲ. ಮಗ ದುಬೈಯಿಂದ ಬರುವಾಗೆಲ್ಲ ಡಬ್ಬಿ ಚೀಸು, ತ್ರಿಕೋನದ ಚೀಸು ತರ್ತಾನೆ. ಸಂಜೆ ಮೊಮ್ಮಗಳಿಗೆ ಸ್ಯಾಂಡ್‌ವಿಚ್ ಮಾಡುವಾಗ ನಾನೂ ಒಂದು ತಿಂತೇನೆ. ‘ಚೀಸಲ್ಲಿ ಪೊಟ್ಯಾಸಿಯಂ ಇಲ್ಲ, ಮೂಳೆಗೂ ಒಳ್ಳೆದು, ಧೈರ್ಯವಾಗಿ ತಿನ್ನಿ’ ಅಂತಾರೆ ಪಕ್ಕದ ಮನೆಯವರು. ಏನು ಮಾಡಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಡಬ್ಬಿ ಚೀಸ್, ತ್ರಿಕೋನದ ಚೀಸ್, ಸ್ಲೈಸ್, ಕ್ಯೂಬ್, ಬಾಟಲಿಯ ಸ್ಪ್ರೆಡ್ ನಿಮಗೆ ಬೇಡ. ಮನೆಯಲ್ಲೇ ಮಾಡಿದ ಪನೀರ್ ಅಳತೆಯಲ್ಲಿ ಆಗುತ್ತದೆ. ಚೆಡ್ಡಾರ್‌ನಂಥ ಗಟ್ಟಿ ಚೀಸ್ ಅಪರೂಪಕ್ಕೆ ಒಂದು ಸಣ್ಣ ತುಂಡು ತಿಂದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಯಾವುದನ್ನೇ ತಿಂದರೂ ಅದು ಬೇರೊಂದರ ಬದಲಿಗೆ ಬರಬೇಕು, ಈಗಿನ ಊಟದ ಮೇಲೆ ಹೆಚ್ಚುವರಿಯಾಗಿ ಅಲ್ಲ.

‘ಚೀಸ್ ಬೇಡ’ ಅಂತ ಚೀಟಿಯಲ್ಲಿ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಹೊರಗೆ ನಲವತ್ತು ಜನ ಟೋಕನ್ ಹಿಡಿದು ಕೂತಿರುವಾಗ ಎರಡೇ ಶಬ್ದದಲ್ಲಿ ಮುಗಿಸಬೇಕಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಚೀಸ್ ಅಂತ ಸಿಗುವುದರಲ್ಲಿ ಹೆಚ್ಚಿನದು ಪ್ರೊಸೆಸ್ಡ್ ಚೀಸೇ (ಚೀಸನ್ನು ಕರಗಿಸಿ, ಬೇರೆ ಉಪ್ಪು ಬೆರೆಸಿ ಮತ್ತೆ ಅಚ್ಚು ಹಾಕಿದ್ದು) ಆದ್ದರಿಂದ ಆ ಸಾಲು ತಪ್ಪೂ ಅಲ್ಲ. ಆದರೆ ಕಾರಣ ಹೇಳದೆ ‘ಬೇಡ’ ಅಂದರೆ ಮನೆಯಲ್ಲಿ ಯಾರೂ ಪಾಲಿಸುವುದಿಲ್ಲ, ಅಲ್ವಾ? ಹಾಗಾಗಿ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಕ್ಕದ ಮನೆಯವರಿಂದಲೇ ಶುರು ಮಾಡೋಣ. ಅವರು ಹೇಳಿದ್ದರಲ್ಲಿ ಅರ್ಧ ಸರಿ. ಚೀಸಲ್ಲಿ ಪೊಟ್ಯಾಸಿಯಂ ನಿಜಕ್ಕೂ ಕಡಿಮೆ. ಒಂದು ಲೋಟ ಹಾಲಿನಲ್ಲಿ, ಅಂದರೆ 200 ಮಿಲಿಯಲ್ಲಿ, ಸುಮಾರು 300 ಮಿ.ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಹಾಲು ಒಡೆದು ಗಟ್ಟಿ ಬೇರೆ, ನೀರು ಬೇರೆ ಆದಾಗ ಈ ಪೊಟ್ಯಾಸಿಯಂನ ಹೆಚ್ಚಿನ ಪಾಲು ನೀರಿನ ಜೊತೆ ಹೋಗಿಬಿಡುತ್ತದೆ. ಹಾಗಾಗಿ 20 ಗ್ರಾಂ ಚೆಡ್ಡಾರ್ ಚೀಸಲ್ಲಿ 20 ಮಿ.ಗ್ರಾಂ ಸಹ ಸಿಗುವುದಿಲ್ಲ. ನಿಮ್ಮ ಪೊಟ್ಯಾಸಿಯಂ 5.3 ಸ್ವಲ್ಪ ಹೆಚ್ಚೇ, ಆದರೆ ಅದಕ್ಕೆ ಚೀಸು ಕಾರಣ ಆಗಿರಲಿಕ್ಕಿಲ್ಲ. ಅದಕ್ಕೆ ಬೇರೆ ಕಡೆ ನೋಡಬೇಕು. ಎಳನೀರು ಕುಡಿಯುತ್ತೀರಾ? ಒಂದು ದೊಡ್ಡ ಎಳನೀರಲ್ಲಿ 500 ಮಿ.ಗ್ರಾಂ ದಾಟಬಹುದು. ಬಿಪಿಗೆ ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಜಾತಿಯ ಮಾತ್ರೆ ಇದ್ದರೆ ಅದೂ ಪೊಟ್ಯಾಸಿಯಂ ಏರಿಸುತ್ತದೆ. ಹಾಗಂತ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಅದು ಕಿಡ್ನಿಯನ್ನು ಕಾಯುವ ಮಾತ್ರೆ. ಡಾಕ್ಟರ ಹತ್ತಿರ ಕೇಳಿ. ಇನ್ನೊಂದು ಕಡೆ ತುಂಬ ಜನ ಎಡವುತ್ತಾರೆ. ‘ಬಿಪಿಗೆ ಒಳ್ಳೆದು’ ಅಂತ ಮಾರುವ ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ನಿಮ್ಮ ಅಡುಗೆಮನೆಯಲ್ಲಿ ಆ ಪ್ಯಾಕೆಟ್ ಇದ್ದರೆ ಇವತ್ತೇ ಬದಿಗಿಡಿ.

ಅವರು ಹೇಳಿದ ಇನ್ನರ್ಧ, ಮೂಳೆಗೆ ಒಳ್ಳೆದು ಅನ್ನುವುದು, ನಿಮ್ಮ ವಿಷಯದಲ್ಲಿ ತಿರುಗುಮುರುಗಾಗುತ್ತದೆ. ಹಾಲಿನಲ್ಲಿ ಕ್ಯಾಲ್ಸಿಯಂ ಇರುವಲ್ಲೆಲ್ಲ ಫಾಸ್ಫರಸ್ಸೂ ಇರುತ್ತದೆ. ಪ್ಯಾಕೆಟ್ ಮೇಲೆ ದೊಡ್ಡ ಅಕ್ಷರದಲ್ಲಿ ಕ್ಯಾಲ್ಸಿಯಂ ಹೆಸರು ಮಾತ್ರ ಬರೆಯುತ್ತಾರೆ, ಅಷ್ಟೇ. ಕಿಡ್ನಿ ಸರಿಯಿದ್ದವರಿಗೆ ಹೆಚ್ಚಾದ ಫಾಸ್ಫರಸ್ ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ಸೋತವರಲ್ಲಿ ಅದು ರಕ್ತದಲ್ಲಿ ನಿಲ್ಲುತ್ತಾ ಬರುತ್ತದೆ. ಆಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹೆಚ್ಚು ಹಾರ್ಮೋನ್ ಬಿಡುತ್ತವೆ, ಅದು ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯುತ್ತದೆ. ಮೂಳೆ ಸಡಿಲ, ರಕ್ತನಾಳ ಗಟ್ಟಿ. ಮೈ ತುರಿಕೆಯೂ ಜಾಸ್ತಿ ಆಗಬಹುದು. ಮೂಳೆಗೆಂದು ತಿಂದ ಚೀಸು ಮೂಳೆಯನ್ನೇ ತಿನ್ನುವ ಪರಿಸ್ಥಿತಿ ಇದು.

‘ನನ್ನ ಫಾಸ್ಫರಸ್ 4.3, ನಾರ್ಮಲ್ ಇದೆಯಲ್ಲ’ ಅಂತ ನೀವು ಕೇಳಬಹುದು. ಹೌದು, 2.5ರಿಂದ 4.5ರವರೆಗೆ ನಾರ್ಮಲ್ ಅಂತ ಲ್ಯಾಬಿನವರು ಬರೆಯುತ್ತಾರೆ. ಆದರೆ ಸ್ಟೇಜ್ 3ರಲ್ಲಿ ಈ ಸಂಖ್ಯೆ ಹೆಚ್ಚಿನವರಿಗೆ ನಾರ್ಮಲ್ಲೇ ಬರುತ್ತದೆ. ಉಳಿದ ಕಿಡ್ನಿಯಿಂದ ಹೆಚ್ಚು ಫಾಸ್ಫರಸ್ ಹೊರಗೆ ತಳ್ಳಿಸಲು ಹಾರ್ಮೋನುಗಳು ಆಗಲೇ ಎರಡು ಪಟ್ಟು ದುಡಿಯುತ್ತಿರುತ್ತವೆ. ಆ ದುಡಿಮೆ ರಿಪೋರ್ಟಲ್ಲಿ ಕಾಣುವುದಿಲ್ಲ. ಇಜಿಎಫ್‌ಆರ್ 30ರ ಕೆಳಗೆ ಹೋದಮೇಲೆ ಒಮ್ಮೆಲೇ ಫಾಸ್ಫರಸ್ ಏರಿತು ಅನ್ನುತ್ತಾರೆ. ಅದು ಒಮ್ಮೆಲೇ ಏರಿದ್ದಲ್ಲ, ಅಲ್ಲಿವರೆಗೆ ಮುಚ್ಚಿಟ್ಟಿತ್ತು. ನಿಮ್ಮ 4.3 ಮೇಲಿನ ಗೆರೆಗೆ ಹತ್ತಿರ ಇದೆ ಅನ್ನುವುದನ್ನೂ ನೋಡಿ.

ಈಗ ಆ ಡಬ್ಬಿಯ ವಿಷಯ. ನಮ್ಮ ಕರಾವಳಿಯಲ್ಲಿ ಗಲ್ಫಿಗೆ ಹೋದವರಿರುವ ಮನೆಯ ಫ್ರಿಜ್ ತೆಗೆದರೆ ಇದೊಂದು ಇದ್ದೇ ಇರುತ್ತದೆ. ಟಿನ್ನಿನ ಚೀಸು ಇಲ್ಲವಾದರೆ ದುಂಡು ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ತ್ರಿಕೋನ. ಸೂಟ್‌ಕೇಸಿನಲ್ಲಿ ಬಂದರೂ ಕೆಡುವುದಿಲ್ಲ, ಫ್ರಿಜ್ ಹೊರಗೆ ಇದ್ದರೂ ತಿಂಗಳುಗಟ್ಟಲೆ ಬಾಳುತ್ತದೆ, ಬಿಸಿ ಮಾಡಿದರೆ ಎಣ್ಣೆ ಬಿಡದೆ ನುಣ್ಣಗೆ ಕರಗುತ್ತದೆ. ಸಾಮಾನ್ಯ ಚೀಸ್ ಹಾಗಲ್ಲ. ಚೆಡ್ಡಾರ್ ತುಂಡನ್ನು ಕಾವಲಿ ಮೇಲಿಡಿ, ಸ್ವಲ್ಪ ಹೊತ್ತಿಗೆ ಜಿಡ್ಡು ಒಂದು ಕಡೆ, ಗಂಟು ಒಂದು ಕಡೆ ಆಗುತ್ತದೆ. ಹಾಗಾಗದಂತೆ ಮಾಡಲು ಪ್ರೊಸೆಸ್ಡ್ ಚೀಸಿಗೆ ಎಮಲ್ಸಿಫೈಯಿಂಗ್ ಸಾಲ್ಟ್ ಅಂತ ಹಾಕುತ್ತಾರೆ. ಇದು ಹಾಲಿನ ಪ್ರೋಟೀನಿಗೆ ಅಂಟಿಕೊಂಡ ಕ್ಯಾಲ್ಸಿಯಂ ಅನ್ನು ಬಿಡಿಸುತ್ತದೆ. ಆಗ ಪ್ರೋಟೀನು ಸಡಿಲಾಗಿ ಕೊಬ್ಬನ್ನೂ ನೀರನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ. 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಸ್ ಸ್ಟೆಟ್ಲರ್ ಇದನ್ನು ಸೋಡಿಯಂ ಸಿಟ್ರೇಟ್ ಹಾಕಿ ಸಾಧಿಸಿದರು. ಬಿಸಿ ದೇಶಗಳಿಗೆ ಚೀಸ್ ಕಳಿಸುವುದು ಹೇಗೆ ಅನ್ನುವ ವ್ಯಾಪಾರದ ತಲೆಬಿಸಿಗೆ ಸಿಕ್ಕ ಉತ್ತರ ಅದು. ಆಮೇಲೆ ಸಿಟ್ರೇಟ್ ಜೊತೆಗೆ ಫಾಸ್ಫೇಟ್ ಉಪ್ಪುಗಳೂ ಬಂದವು. ನಿಮ್ಮ ತಕರಾರು ಇರಬೇಕಾದದ್ದು ಇವುಗಳ ಜೊತೆ.

ಯಾಕೆ ಅಂದರೆ, ಎಲ್ಲ ಫಾಸ್ಫರಸ್ಸೂ ಒಂದೇ ಥರ ರಕ್ತಕ್ಕೆ ಸೇರುವುದಿಲ್ಲ. ಬೇಳೆಕಾಳುಗಳಲ್ಲಿರುವುದು ಫೈಟೇಟ್ ರೂಪದಲ್ಲಿರುತ್ತದೆ, ಅದನ್ನು ಬಿಡಿಸುವ ಕಿಣ್ವ ನಮ್ಮ ಹೊಟ್ಟೆಯಲ್ಲಿ ಸರಿಯಾಗಿ ಇಲ್ಲ. ಹಾಗಾಗಿ ಅರ್ಧಕ್ಕಿಂತ ಕಡಿಮೆ ಮಾತ್ರ ಸೇರುತ್ತದೆ. ಹಾಲು, ಮೀನು, ಮಾಂಸದ್ದು ನೂರಕ್ಕೆ 40ರಿಂದ 60ರಷ್ಟು ಸೇರುತ್ತದೆ. ಕಾರ್ಖಾನೆಯಲ್ಲಿ ಹಾಕಿದ ಫಾಸ್ಫೇಟ್ ಉಪ್ಪು ಮಾತ್ರ ನೂರಕ್ಕೆ 90ರ ಆಸುಪಾಸು ನೇರವಾಗಿ ರಕ್ತಕ್ಕೆ. ಬೇಳೆ ತಿನ್ನಲು ಹೆದರಿ ಸ್ಲೈಸ್ ಚೀಸ್ ತಿನ್ನುವವರನ್ನು ನೋಡಿದಾಗ ನನಗೆ ಬೇಜಾರಾಗುವುದು ಇದಕ್ಕೇ. ಅವರು ಬಿಟ್ಟದ್ದು ಕಡಿಮೆ ತೊಂದರೆಯದ್ದು, ಹಿಡಿದದ್ದು ಜಾಸ್ತಿ ತೊಂದರೆಯದ್ದು.

ನಿಮ್ಮ ಸಂಜೆಯ ಸ್ಯಾಂಡ್‌ವಿಚ್ಚನ್ನೇ ಲೆಕ್ಕ ಹಾಕೋಣ. ಒಂದು ಸ್ಲೈಸ್ ಸಾಮಾನ್ಯವಾಗಿ 20 ಗ್ರಾಂ. ಅದರಲ್ಲಿ ಸೋಡಿಯಂ 250ರಿಂದ 300 ಮಿ.ಗ್ರಾಂ, ಫಾಸ್ಫರಸ್ 130ರಿಂದ 170 ಮಿ.ಗ್ರಾಂ. ಎರಡು ಸ್ಲೈಸ್ ಹಾಕಿದರೆ ಸೋಡಿಯಂ 500ರಿಂದ 600. ಬ್ರೆಡ್ಡಿನಲ್ಲೂ ಉಪ್ಪಿದೆ, ಎರಡು ತುಂಡಿಗೆ 250 ಅಂತ ಹಿಡಿಯಿರಿ. ಅಲ್ಲಿಗೆ 800 ಸಮೀಪಿಸಿತು. ಮೇಲೆ ಉಪ್ಪಿನ ಬೆಣ್ಣೆ, ಟೊಮ್ಯಾಟೊ ಸಾಸ್ ಬೇರೆ. ಕಿಡ್ನಿ ತೊಂದರೆ ಇರುವವರಿಗೆ ಇಡೀ ದಿನಕ್ಕೆ ಸೋಡಿಯಂ 2000 ಮಿ.ಗ್ರಾಂ ಒಳಗಿರಬೇಕು. ಅಂದರೆ ಉಪ್ಪಿನ ಲೆಕ್ಕದಲ್ಲಿ 5 ಗ್ರಾಂ, ತಲೆ ಸಮ ಮಾಡಿದ ಒಂದು ಟೀ ಚಮಚ. ಸಂಜೆಯ ಒಂದು ತಿಂಡಿಯಲ್ಲೇ ಹತ್ತಿರ ಹತ್ತಿರ ಅರ್ಧ ದಿನದ ಉಪ್ಪು ಮುಗಿದಿರುತ್ತದೆ. ಫಾಸ್ಫರಸ್ ದಿನಕ್ಕೆ 800ರಿಂದ 1000 ಮಿ.ಗ್ರಾಂ ಒಳಗೆ ಅಂತ ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅದರಲ್ಲಿ 300 ಈ ಎರಡು ಸ್ಲೈಸಿಗೇ ಹೋಯಿತು, ಅದೂ ಹೆಚ್ಚಾಗಿ ಸೇರಿಕೊಳ್ಳುವ ಜಾತಿಯದ್ದು.

ಅಂಗಡಿಯಲ್ಲಿ ಪ್ಯಾಕೆಟ್ ಹಿಡಿದಾಗ ಮುಂದಿನ ಚಿತ್ರ ನೋಡಬೇಡಿ, ಹಿಂದೆ ತಿರುಗಿಸಿ. ಅಕ್ಷರ ಸಣ್ಣದು, ಕನ್ನಡಕ ಬೇಕು. ಇಲ್ಲದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಪದಾರ್ಥಗಳ ಪಟ್ಟಿಯಲ್ಲಿ ‘ಎಮಲ್ಸಿಫೈಯಿಂಗ್ ಸಾಲ್ಟ್’ ಅಥವಾ ‘ಎಮಲ್ಸಿಫೈಯರ್’ ಅಂತ ಇದ್ದು ಪಕ್ಕದಲ್ಲಿ ನಂಬರ್ ಇರುತ್ತದೆ. ನಮ್ಮ ದೇಶದ ಪ್ಯಾಕೆಟ್ಟಿನಲ್ಲಿ ಐಎನ್‌ಎಸ್ ಅಂತ, ಹೊರದೇಶದ್ದರಲ್ಲಿ ಇ ಅಂತ ಬರೆದಿರುತ್ತಾರೆ, ನಂಬರ್ ಮಾತ್ರ ಒಂದೇ. 338ರಿಂದ 341ರವರೆಗೆ ಮತ್ತು 450, 451, 452 ಇವೆಲ್ಲ ಫಾಸ್ಫೇಟ್ ಮನೆತನದವು. ಕಂಡರೆ ವಾಪಸ್ ಇಡಿ. 331 ಇದ್ದರೆ ಅದು ಸೋಡಿಯಂ ಸಿಟ್ರೇಟ್. ಅದರಲ್ಲಿ ಫಾಸ್ಫರಸ್ ಇಲ್ಲ, ಆದರೆ ಸೋಡಿಯಂ ಇದೆ. ಸೋಡಿಯಂ ಎಷ್ಟು ಅಂತ ಪ್ಯಾಕೆಟ್ ಮೇಲಿನ ಪೋಷಕಾಂಶದ ಕೋಷ್ಟಕದಲ್ಲಿ ಇರಲೇಬೇಕು, ಅದು ಕಾನೂನು. ಫಾಸ್ಫರಸ್ ಎಷ್ಟು ಅಂತ ಬರೆಯಲೇಬೇಕೆಂಬ ಕಾನೂನು ಇಲ್ಲ, ಹಾಗಾಗಿ ಅದನ್ನು ಈ ನಂಬರುಗಳಿಂದ ಹಿಡಿಯಬೇಕು. 100 ಗ್ರಾಂಗೆ ಸೋಡಿಯಂ 700 ಮಿ.ಗ್ರಾಂ ದಾಟಿದ ಯಾವ ಚೀಸೂ ನಿಮ್ಮ ಮನೆಗೆ ಬರುವುದು ಬೇಡ ಅನ್ನುವುದು ನನ್ನ ಲೆಕ್ಕ. ಹೆಚ್ಚಿನ ಪ್ರೊಸೆಸ್ಡ್ ಚೀಸ್ ಇಲ್ಲೇ ಬಿದ್ದುಹೋಗುತ್ತದೆ.

‘ಲೋ ಫ್ಯಾಟ್’ ಅಂತ ಬರೆದದ್ದು ಕಂಡರೆ ಸಮಾಧಾನ ಪಡಬೇಡಿ. ಕೊಬ್ಬು ಕಡಿಮೆ ಆದಾಗ ಪ್ರೋಟೀನಿನ ಪಾಲು ಏರುತ್ತದೆ, ಅದರ ಜೊತೆ ಫಾಸ್ಫರಸ್ಸೂ. ‘ಲೋ ಸೋಡಿಯಂ’ ಚೀಸ್ ಅಂತ ಸಿಕ್ಕಿದರೆ ಇನ್ನೂ ಹುಷಾರು. ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಫಾಸ್ಫೇಟ್ ಅಥವಾ ಪೊಟ್ಯಾಸಿಯಂ ಸಿಟ್ರೇಟ್ ಹಾಕಿರಬಹುದು. ನಂಬರ್ 340 ಮತ್ತು 332. ಪೊಟ್ಯಾಸಿಯಂ 5.3 ಇರುವವರು ಮುಟ್ಟುವ ಸಾಮಾನಲ್ಲ.

ಹಾಗಾದರೆ ಯಾವುದು ತಿನ್ನಬಹುದು? ಇಲ್ಲಿ ಒಂದು ಅಳತೆ ಹೇಳಿಕೊಡುತ್ತೇನೆ, ಚೀಸಿಗೆ ಮಾತ್ರ ಅಲ್ಲ, ಎಲ್ಲದಕ್ಕೂ ಬರುತ್ತದೆ. ಒಂದು ಗ್ರಾಂ ಪ್ರೋಟೀನ್ ಸಿಗಬೇಕಾದರೆ ಜೊತೆಗೆ ಎಷ್ಟು ಮಿ.ಗ್ರಾಂ ಫಾಸ್ಫರಸ್ ಬರುತ್ತದೆ ಅಂತ ನೋಡುವುದು. ಮೊಟ್ಟೆಯ ಬಿಳಿಯಲ್ಲಿ ಎರಡು ಮಿ.ಗ್ರಾಂ ಕೂಡ ಬರುವುದಿಲ್ಲ. ಮೀನು, ಕೋಳಿಯಲ್ಲಿ ಹತ್ತರ ಹತ್ತಿರ. ಪೂರ್ತಿ ಮೊಟ್ಟೆ, ಪನೀರ್ 15ರಿಂದ 17. ಚೆಡ್ಡಾರ್ 20. ಹಾಲು 27. ಪ್ರೊಸೆಸ್ಡ್ ಚೀಸ್ 35 ಅಥವಾ ಅದಕ್ಕೂ ಮೇಲೆ. ನಿಮಗೆ ಪ್ರೋಟೀನ್ ಬೇಕು, ಫಾಸ್ಫರಸ್ ಬೇಡ. ಹಾಗಾಗಿ ಈ ಸಾಲಿನಲ್ಲಿ ಮುಂದೆ ಇರುವುದನ್ನು ಹಿಡಿಯಬೇಕು. ಚೀಸು ಎಲ್ಲಿ ನಿಂತಿದೆ ಅಂತ ನಿಮಗೇ ಕಂಡಿತಲ್ಲ.

ಪನೀರಿನ ದೊಡ್ಡ ಗುಣ ಅಂದರೆ ಅದಕ್ಕೆ ಉಪ್ಪು ಹಾಕುವುದಿಲ್ಲ. ಗಟ್ಟಿ ಚೀಸನ್ನು ರೆನೆಟ್ ಅನ್ನುವ ಕಿಣ್ವ ಹಾಕಿ ಒಡೆದು ಉಪ್ಪು ಬೆರೆಸಿ ತಿಂಗಳುಗಟ್ಟಲೆ ಇಡುತ್ತಾರೆ. ಪನೀರಿಗೆ ಲಿಂಬೆ ರಸ ಸಾಕು, ಅವತ್ತೇ ತಿನ್ನಬಹುದು. ಹುಳಿ ಹಾಕಿ ಒಡೆದಾಗ ಹಾಲಿನ ಕ್ಯಾಲ್ಸಿಯಂ ಫಾಸ್ಫೇಟಿನ ಒಂದಷ್ಟು ಪಾಲು ಕರಗಿ ನೀರಿಗೆ ಇಳಿಯುತ್ತದೆ. ಆದರೂ 100 ಗ್ರಾಂ ಪನೀರಲ್ಲಿ ಫಾಸ್ಫರಸ್ 300 ಮಿ.ಗ್ರಾಂ ಆಸುಪಾಸು ಉಳಿಯುತ್ತದೆ ಅನ್ನುವುದು ನೆನಪಿರಲಿ. ಚೀಸ್ ಬೇಡ ಅಂದರು ಅಂತ ಪನೀರನ್ನು ದಿನಾ 200 ಗ್ರಾಂ ಬಾರಿಸಿದರೆ ಅಲ್ಲೂ ಲೆಕ್ಕ ತಪ್ಪುತ್ತದೆ.

ಮನೆಯಲ್ಲಿ ಮಾಡುವುದು ನಿಮಗೆ ಗೊತ್ತಿರುತ್ತದೆ, ಆದರೂ ಒಂದೆರಡು ಕಡೆ ಕಿಡ್ನಿಯ ಕಣ್ಣಿನಿಂದ ನೋಡಬೇಕು. ಒಂದು ಲೀಟರ್ ಹಸುವಿನ ಹಾಲನ್ನು ಕುದಿ ಬರುವವರೆಗೆ ಕಾಯಿಸಿ, ಒಲೆ ಆರಿಸಿ, ಸ್ವಲ್ಪ ನೀರು ಬೆರೆಸಿದ ಲಿಂಬೆ ರಸವನ್ನು ಚಮಚ ಚಮಚವಾಗಿ ಹಾಕಿ. ನೀರು ತಿಳಿ ಹಸಿರು ಬಣ್ಣಕ್ಕೆ ತಿರುಗಿದ ಕೂಡಲೇ ನಿಲ್ಲಿಸಿ. ತೆಳು ಬಟ್ಟೆಯಲ್ಲಿ ಸೋಸಿ, ಹಾಗೇ ನಲ್ಲಿಯ ಕೆಳಗೆ ತಣ್ಣೀರಿನಲ್ಲಿ ಒಮ್ಮೆ ತೊಳೆಯಿರಿ. ಹುಳಿಯೂ ಹೋಗುತ್ತದೆ, ಉಳಿದ ಪೊಟ್ಯಾಸಿಯಂ ಕೂಡ ಇನ್ನಷ್ಟು ಇಳಿಯುತ್ತದೆ. ಬಟ್ಟೆ ಗಂಟು ಕಟ್ಟಿ ಮೇಲೆ ಭಾರ ಇಟ್ಟರೆ ಒಂದು ಗಂಟೆಯಲ್ಲಿ 150 ಗ್ರಾಂನಷ್ಟು ಪನೀರ್ ಸಿಗುತ್ತದೆ. ಇನ್ನು ಆ ಒಡೆದ ನೀರು. ‘ಪೌಷ್ಟಿಕ’ ಅಂತ ಅದರಲ್ಲಿ ಚಪಾತಿ ಹಿಟ್ಟು ಕಲಸುವವರಿದ್ದಾರೆ, ಲೋಟದಲ್ಲಿ ಕುಡಿಯುವವರಿದ್ದಾರೆ. ನೀವು ಮಾಡಬೇಡಿ. ಹಾಲಿನ ಪೊಟ್ಯಾಸಿಯಂ ಎಲ್ಲ ಬಂದು ಕೂತಿರುವುದು ಅಲ್ಲೇ. ಉಳಿದವರ ಚಪಾತಿಗೆ ಹಾಕಿ, ಇಲ್ಲವೇ ತೆಂಗಿನ ಬುಡಕ್ಕೆ ಹೊಯ್ಯಿರಿ.

ನಿಮ್ಮ ಪಾಲು ಒಂದು ಸಲಕ್ಕೆ 30 ಗ್ರಾಂ. ಬೆಂಕಿಪೊಟ್ಟಣದಷ್ಟು ದೊಡ್ಡ ತುಂಡು. ಅದರಲ್ಲಿ ಪ್ರೋಟೀನ್ ಐದೂವರೆ ಗ್ರಾಂ, ಫಾಸ್ಫರಸ್ ಸುಮಾರು 100 ಮಿ.ಗ್ರಾಂ, ಸೋಡಿಯಂ ಲೆಕ್ಕಕ್ಕೆ ಇಲ್ಲ. ವಾರಕ್ಕೆ ಎರಡು ಮೂರು ಸಲ ಸಾಕು. ತುರಿದು, ಹಸಿಮೆಣಸು, ಕೊತ್ತಂಬರಿ ಸೊಪ್ಪು, ನಾಲ್ಕು ಹನಿ ಲಿಂಬೆ ರಸ ಬೆರೆಸಿ ನೀರುದೋಸೆಯ ಒಳಗಿಟ್ಟು ಮಡಚಿ ತಿನ್ನಿ. ಒಳಗಿನದ್ದಕ್ಕೆ ಉಪ್ಪು ಹಾಕಬೇಡಿ, ದೋಸೆಯ ಹಿಟ್ಟಿನಲ್ಲೇ ಇದೆಯಲ್ಲ. ಮೊಮ್ಮಗಳಿಗೂ ಹಿಡಿಸಬಹುದು, ಅವಳಿಗೆ ಬೇಕಾದರೆ ಸ್ವಲ್ಪ ಉಪ್ಪು ಬೇರೆ ಹಾಕಿ. ಹೊಟೇಲಿನ ಪನೀರ್ ಬಟರ್ ಮಸಾಲ, ಪನೀರ್ ಘೀ ರೋಸ್ಟ್ ಇವನ್ನು ‘ಪನೀರ್ ಅಲ್ವಾ’ ಅಂತ ಇದೇ ಖಾತೆಗೆ ಬರೆಯಬೇಡಿ. ಪನೀರಿಗಿಂತ ಜಾಸ್ತಿ ಅದರ ಮಸಾಲೆಯ ಉಪ್ಪು ಕೈಕೊಡುತ್ತದೆ. ಬಟರ್ ಮಸಾಲದಲ್ಲಾದರೆ ಟೊಮ್ಯಾಟೊ, ಗೋಡಂಬಿಯ ಪೊಟ್ಯಾಸಿಯಂ ಬೇರೆ.

‘ಬದಲಿಗೆ’ ಅಂದೆನಲ್ಲ, ಅದನ್ನು ನಿಮ್ಮ ಊಟದಲ್ಲೇ ತೋರಿಸುತ್ತೇನೆ. 60 ಕಿಲೋ ತೂಕಕ್ಕೆ, ಕಿಲೋಗೆ 0.8 ಗ್ರಾಂನಂತೆ, ನಿಮಗೆ ದಿನಕ್ಕೆ 48 ಗ್ರಾಂ ಪ್ರೋಟೀನ್ ಸಾಕು. ಎರಡು ಹೊತ್ತಿನ ಕುಚ್ಚಲಕ್ಕಿ ಅನ್ನ ಅಥವಾ ಗಂಜಿ, ಬೆಳಗ್ಗಿನ ದೋಸೆ ಎಲ್ಲ ಸೇರಿ 250 ಗ್ರಾಂ ಅಕ್ಕಿ ಅಂದರೆ 18 ಗ್ರಾಂ ಪ್ರೋಟೀನ್ ಅಕ್ಕಿಯಿಂದಲೇ ಬಂತು. ಮಧ್ಯಾಹ್ನ ಒಂದು ಹದಾ ಬಂಗುಡೆ, ಮುಳ್ಳು ಬಿಟ್ಟು 80 ಗ್ರಾಂ ಮಾಂಸ ಅಂದರೆ 16 ಗ್ರಾಂ. ಚಹಾ, ಮಜ್ಜಿಗೆಗೆ ಒಂದು ಲೋಟ ಹಾಲು, 6 ಗ್ರಾಂ. ಬೇಳೆ, ತರಕಾರಿ, ತೆಂಗಿನಕಾಯಿ ಸೇರಿ ಇನ್ನೊಂದು 7, 8 ಗ್ರಾಂ. ನೋಡಿ, 48 ಆಗಲೇ ಆಯಿತು. ಇದರ ಮೇಲೆ ಪನೀರ್ ಇಟ್ಟರೆ ಅದು ಕಿಡ್ನಿಗೆ ಓವರ್‌ಟೈಮ್ ಕೆಲಸ. ಪನೀರ್ ತಿನ್ನುವ ದಿನ ಹಾಲು ಬಿಟ್ಟು ಕಪ್ಪು ಚಹಾ ಕುಡಿಯಿರಿ, ಅಥವಾ ಬಂಗುಡೆಯನ್ನು ಅರ್ಧ ಮಾಡಿ. ಮೀನು ತಿನ್ನದ ಸೋಮವಾರ, ಶನಿವಾರ ಇದ್ದರೆ ಪನೀರನ್ನು ಅವತ್ತಿಗೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭ.

ಹಾಗಂತ ಪ್ರೋಟೀನ್ ಪೂರ್ತಿ ಬಿಡುವವರೂ ಇದ್ದಾರೆ, ಅದು ಇನ್ನೊಂದು ಅವಾಂತರ. ಬರೀ ಗಂಜಿ, ಉಪ್ಪಿನಕಾಯಿಯಲ್ಲಿ ದಿನ ದೂಡಿ ತೋಳಿನ ಮಾಂಸಖಂಡ ಕರಗಿಸಿಕೊಂಡು ಬರುತ್ತಾರೆ. ಕ್ರಿಯಾಟಿನಿನ್ ಸ್ವಲ್ಪ ಇಳಿದದ್ದು ನೋಡಿ ಖುಷಿಪಡುತ್ತಾರೆ. ಮಾಂಸಖಂಡ ಕಡಿಮೆ ಆದರೂ ಕ್ರಿಯಾಟಿನಿನ್ ಇಳಿಯುತ್ತದೆ, ಕಿಡ್ನಿ ಸುಧಾರಿಸಿರುವುದಿಲ್ಲ.

ಉಪ್ಪಿನಕಾಯಿ ಅಂದ ಕೂಡಲೇ ಒಂದು ಮಾತು ಹೇಳದೆ ಇರಲಾಗುತ್ತಿಲ್ಲ. ನೀವು ಚೀಸಿನ ಬಗ್ಗೆ ಎಂಟು ಸಾಲು ಬರೆದಿರಿ, ಗಂಜಿಯ ಜೊತೆ ಏನು ಅಂತ ಒಂದು ಸಾಲೂ ಬರೆಯಲಿಲ್ಲ. ನಮ್ಮ ಕಡೆ ಕಿಡ್ನಿ ರೋಗಿಯ ತಟ್ಟೆಯಲ್ಲಿ ಚೀಸು ಅತಿಥಿ, ಮನೆಯವರು ಬೇರೆಯೇ ಇದ್ದಾರೆ: ಉಪ್ಪುನೀರಲ್ಲಿ ವರ್ಷ ಕಳೆದ ಮಾವಿನ ಮಿಡಿ, ಮಳೆಗಾಲದ ಒಣಮೀನು ಚಟ್ನಿ, ಹಪ್ಪಳ, ಮಜ್ಜಿಗೆ ಮೆಣಸು. ಚೀಸ್ ಬಿಟ್ಟು ಇವನ್ನು ದಿನಾ ಮುಂದುವರಿಸಿದರೆ ನಾನು ಇಷ್ಟೆಲ್ಲ ಬರೆದದ್ದು ಸುಮ್ನೆ. ಒಂದು ವೇಳೆ ಎರಡರಲ್ಲಿ ಒಂದನ್ನು ಮಾತ್ರ ಬಿಡಲು ಸಾಧ್ಯ ಅನ್ನುವುದಾದರೆ ಮೊದಲು ದಿನನಿತ್ಯದ್ದನ್ನು ಬಿಡಿ. ಒಣಮೀನು ಬಿಡಲಾಗದವರಿಗೆ ತೊಳೆದು, ಬಿಸಿನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಹುರಿಯಲು ಹೇಳುತ್ತೇನೆ. ಉಪ್ಪು ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಇನ್ನು ಉಳಿದ ಚೀಸುಗಳು, ಬೇಗ ಮುಗಿಸುತ್ತೇನೆ. ಚೆಡ್ಡಾರ್ 20 ಗ್ರಾಂ ತುಂಡಿನಲ್ಲಿ ಫಾಸ್ಫರಸ್ 100, ಸೋಡಿಯಂ 130 ಮಿ.ಗ್ರಾಂ. ತಿಂಗಳಿಗೆ ಒಂದೆರಡು ಸಲ, ಮಗ ಬಂದಾಗ, ಸರಿ. ಫಾಸ್ಫರಸ್ ಸ್ಲೈಸಿಗಿಂತ ತುಂಬ ಕಡಿಮೆ ಅಲ್ಲದಿದ್ದರೂ ಅದರಲ್ಲಿ ಹೊರಗಿನಿಂದ ಸೇರಿಸಿದ ಫಾಸ್ಫೇಟ್ ಇಲ್ಲ. ಕ್ರೀಮ್ ಚೀಸ್ ಒಂದು ದೊಡ್ಡ ಚಮಚದಲ್ಲಿ ಫಾಸ್ಫರಸ್ 16 ಮಿ.ಗ್ರಾಂ ಅಷ್ಟೇ. ಡಯಟಿಷಿಯನ್‌ಗಳಿಗೆ ಅದು ಇಷ್ಟ. ಆದರೆ ಅದರಲ್ಲಿ ಪ್ರೋಟೀನೂ ಇಲ್ಲ, ಹೆಚ್ಚಿನದು ಕೊಬ್ಬು. ಬ್ರೆಡ್ಡಿಗೆ ಬೆಣ್ಣೆಯ ಬದಲು ತೆಳುವಾಗಿ ಸವರಲು ಅಡ್ಡಿಯಿಲ್ಲ. ಪಾರ್ಮೆಸಾನ್ ಬಲು ಉಪ್ಪು, ಆದರೆ ವಾಸನೆ ಜೋರು. ಚಿಟಿಕೆ ತುರಿ ಉದುರಿಸಿದರೆ ಚೀಸ್ ತಿಂದ ಸಮಾಧಾನ ಸಿಗುತ್ತದೆ. ಫೆಟಾ ಉಪ್ಪುನೀರಲ್ಲೇ ಮುಳುಗಿರುವುದು, ನಮ್ಮ ಮಿಡಿಯ ಹಾಗೆಯೇ, ಬೇಡ. ಚೀಸ್ ದೋಸೆ, ಚೀಸ್ ಮಸಾಲ ಪುರಿ, ಪಿಜ್ಜಾ ಇವುಗಳ ಮೇಲೆ ಬೀಳುವುದು ಯಾವ ಚೀಸು ಅಂತ ನಿಮಗೂ ಗೊತ್ತಾಗುವುದಿಲ್ಲ, ಎಷ್ಟೋ ಸಲ ಮಾಡುವವನಿಗೂ ಗೊತ್ತಿರುವುದಿಲ್ಲ. ಎಣ್ಣೆಯಿಂದ ಮಾಡಿದ ಅನಲಾಗ್ ಚೀಸೂ ಇರಬಹುದು, ಅದರಲ್ಲೂ ಈ ಫಾಸ್ಫೇಟ್ ಉಪ್ಪುಗಳು ಮಾಮೂಲಿ. ಮಣಿಪಾಲದಲ್ಲಿ ಹುಡುಗರ ಜೊತೆ ಹೊರಗೆ ಕೂತಾಗ ನೀವು ಸಾದಾ ದೋಸೆ ತಗೊಳ್ಳಿ.

ನಿಮಗೆ ಈಗ ಅನ್ವಯಿಸದಿದ್ದರೂ, ಇದನ್ನು ಓದುವ ಬೇರೆಯವರಿಗೆ ಹೇಳಬೇಕಾದದ್ದು ಇದೆ. ಡಯಾಲಿಸಿಸ್‌ನಲ್ಲಿರುವವರ ಲೆಕ್ಕ ತಲೆಕೆಳಗು. ಅವರಿಗೆ ಪ್ರೋಟೀನ್ ಜಾಸ್ತಿ ಬೇಕು, ಕಿಲೋಗೆ 1ರಿಂದ 1.2 ಗ್ರಾಂ. ಹಾಗಾಗಿ ಪನೀರ್, ಮೊಟ್ಟೆಯ ಬಿಳಿ ಅವರ ತಟ್ಟೆಯಲ್ಲಿ ಧಾರಾಳ ಬರಬಹುದು. ಆದರೆ ಸೆವೆಲಮರ್ ಅಥವಾ ಕ್ಯಾಲ್ಸಿಯಂ ಅಸಿಟೇಟ್ ಬರೆದುಕೊಟ್ಟಿದ್ದರೆ ಅದನ್ನು ಊಟದ ಜೊತೆಗೇ ನುಂಗಬೇಕು. ಈ ಮಾತ್ರೆ ಹೊಟ್ಟೆಯಲ್ಲಿ ಆಹಾರದ ಫಾಸ್ಫರಸ್ಸನ್ನು ಹಿಡಿಯುವುದು. ಊಟ ಆಗಿ ಎರಡು ಗಂಟೆ ಬಿಟ್ಟು ತಗೊಂಡರೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ. ದುಬಾರಿ ಮಾತ್ರೆ ವ್ಯರ್ಥ. ಕಿಡ್ನಿ ಕಸಿ ಆದವರು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯಲ್ಲಿರುವುದರಿಂದ ಪಾಶ್ಚರೀಕರಿಸದ ಹಾಲಿನ ಮೆದು ಚೀಸ್, ನೀಲಿ ಗೆರೆಯ ಚೀಸ್, ಎಲ್ಲಿಂದ ಬಂತೋ ತಿಳಿಯದ ಬಿಡಿ ಪನೀರ್ ಮುಟ್ಟಬಾರದು. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಅವರಿಗೆ ಪ್ರಾಣಕ್ಕೇ ಬರಬಹುದು.

ಕಿಡ್ನಿಗೆ ಒಳ್ಳೆದು ಅಂತ ಯಾರಾದರೂ ಜ್ಯೂಸ್ ಹೇಳಿಕೊಟ್ಟರೆ, ಅದರಲ್ಲೂ ದಾರೆಹುಳಿ ಅಥವಾ ಬಿಂಬುಳಿಯದ್ದು, ಕುಡಿಯಬೇಡಿ. ಚೀಸಿಗೆ ಸಂಬಂಧ ಇಲ್ಲ ನಿಜ, ಆದರೆ ನಮ್ಮ ಹಿತ್ತಲಲ್ಲಿ ಬೆಳೆಯುವ ಹಣ್ಣುಗಳು ಇವು. ದಾರೆಹುಳಿಯಲ್ಲಿರುವ ವಿಷವನ್ನು ಸೋತ ಕಿಡ್ನಿ ಹೊರಹಾಕುವುದಿಲ್ಲ, ಅದು ಮಿದುಳಿಗೆ ಏರಿ ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತರುತ್ತದೆ. ಬಿಂಬುಳಿ ರಸದ ಆಕ್ಸಲೇಟ್ ಸರಿಯಿದ್ದ ಕಿಡ್ನಿಯನ್ನೂ ಕೆಡಿಸಿದ್ದಿದೆ.

ಈಗಿನಿಂದ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ತಿಂದದ್ದನ್ನೆಲ್ಲ ಬರೆಯಿರಿ. ಪನೀರ್ ಎಷ್ಟು, ಉಪ್ಪಿನಕಾಯಿ ಎಷ್ಟು, ಎಳನೀರು ಯಾವಾಗ. ಮನೆಯಲ್ಲಿರುವ ಪ್ಯಾಕೆಟ್ಟುಗಳ ಹಿಂಭಾಗದ ಫೋಟೋ ತೆಗೆದಿಡಿ. ಪೊಟ್ಯಾಸಿಯಂ ಪರೀಕ್ಷೆಯನ್ನು ಮತ್ತೆ ಯಾವಾಗ ಮಾಡಿಸಬೇಕು ಅಂತ ಮಾತ್ರ ಈ ವಾರವೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ, 5.3ನ್ನು ತಿಂಗಳುಗಟ್ಟಲೆ ಹಾಗೇ ಬಿಡಬಾರದು. ಮುಂದಿನ ಸಲ ಹೋಗುವಾಗ ಫಾಸ್ಫರಸ್ ಜೊತೆ ಪ್ಯಾರಾಥೈರಾಯ್ಡ್ ಹಾರ್ಮೋನ್, ವಿಟಮಿನ್ ಡಿ, ಬೈಕಾರ್ಬನೇಟ್ ನೋಡಬೇಕಾ ಅಂತ ವಿಚಾರಿಸಿ, ಮತ್ತು ಆ ನೋಟ್‌ಬುಕ್ ಹಿಡಿದುಕೊಂಡು ಡಯಟಿಷಿಯನ್ ಹತ್ತಿರ ಅರ್ಧ ಗಂಟೆ ಕೂರಿ. ಚೀಟಿಯಲ್ಲಿ ಎರಡು ಶಬ್ದ ಬರೆದವರೇ ಆಗಲಿ, ನೋಟ್‌ಬುಕ್ ನೋಡಿದರೆ ನಿಮ್ಮ ಊಟಕ್ಕೆ ಹೊಂದುವ ಹಾಗೆ ತಿದ್ದಿಕೊಡುತ್ತಾರೆ.